ಕರಕುಶಲಿಗಳ ಬಂಧು ಕಮಲಾದೇವಿ

ಸಹ್ಯಾದ್ರಿಯ ಹಸುರು ಬೆಟ್ಟಗಳು ಅರಬೀ ಸಮುದ್ರದ ಅಂಚಿನವರೆಗೂ ಇಳಿದುಬಂದಿರುವ ಊರು ಕಾರವಾರ. ಕಾಳೀನದಿ ಇಲ್ಲಿ ಕಡಲನ್ನು ಸೇರುತ್ತದೆ. ಇಂದು ಪ್ರವಾಸಿಗರನ್ನು ಸೆಳೆಯುವ ಈ ತೀರ ಒಂದು ಕಾಲದಲ್ಲಿ ದೊಡ್ಡ ವ್ಯಾಪಾರದ ನೆಲೆಯಾಗಿತ್ತು. 1638ರಲ್ಲಿ ಇಂಗ್ಲಿಷ್ ವರ್ತಕರು ಇಲ್ಲಿ ತಮ್ಮ ವಖಾರಿಯನ್ನು ತೆರೆದರು. ಕರಿಮೆಣಸು, ಏಲಕ್ಕಿಗಳ ಜೊತೆಗೆ ಅವರು ಇಲ್ಲಿಂದ ಹಡಗಿಗೆ ತುಂಬುತ್ತಿದ್ದ ಮುಖ್ಯ ಸರಕು ಬಟ್ಟೆ. ಪಶ್ಚಿಮ ಭಾರತದ ಅತ್ಯುತ್ತಮವಾದ ನಯವಾದ ಮಸ್ಲಿನ್ ಬಟ್ಟೆ ಕಾರವಾರದ ರೇವಿನಿಂದಲೇ ಹೊರದೇಶಗಳಿಗೆ ಹೋಗುತ್ತಿತ್ತು. ಅದನ್ನು ನೆಯ್ದವರು ಘಟ್ಟದ ಮೇಲಣ ಹುಬ್ಬಳ್ಳಿ ಮತ್ತು ಅದರ ಸುತ್ತಿನ ಊರುಗಳ ನೇಕಾರರು. ಆ ಸೀಮೆಯಲ್ಲಿ ಐವತ್ತು ಸಾವಿರದಷ್ಟು ನೇಕಾರರು ಈ ಕೆಲಸದಲ್ಲಿ ತೊಡಗಿದ್ದರೆಂದು ಹಳೆಯ ದಾಖಲೆಗಳು ತಿಳಿಸುತ್ತವೆ. ಬಟ್ಟೆಯನ್ನು ಕೊಂಡ ಕಂಪನಿಯ ಹೆಸರು ಇತಿಹಾಸದಲ್ಲಿ ಉಳಿದಿದೆ. ರೇವಿನ ಹೆಸರೂ ಉಳಿದಿದೆ. ಆದರೆ ಮಗ್ಗದ ಕುಳಿಯಲ್ಲಿ ಕುಳಿತು ಎಳೆಗೆ ಎಳೆ ಸೇರಿಸಿದ ಆ ಸಾವಿರಾರು ಜನರಲ್ಲಿ ಒಬ್ಬನ ಹೆಸರಾದರೂ ನಮಗೆ ತಿಳಿಯದು.

ಕಾರವಾರದಿಂದ ದಕ್ಷಿಣಕ್ಕೆ ಬಂದರೆ ಅಂಕೋಲೆ. ಈ ಭಾಗದ ಆಗೇರರು ಕಡಲ ನೀರನ್ನು ಗದ್ದೆಗೆ ಹಾಯಿಸಿ, ಬಿಸಿಲಿಗೆ ಆರಿಸಿ, ಉಪ್ಪನ್ನು ತೆಗೆಯುವುದನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದವರು. ಹಾಲಕ್ಕಿ ಒಕ್ಕಲಿಗ ಮಹಿಳೆಯರು ಕೊರಳ ತುಂಬ ಧರಿಸುವ ಮಣಿಸರಗಳ ರಾಶಿಯನ್ನು ಒಮ್ಮೆ ಕಂಡವರು ಮರೆಯಲಾರರು. ಇನ್ನೂ ಮುಂದೆ ಕುಮಟಾ, ಹೊನ್ನಾವರ, ಘಟ್ಟದ ಮೇಲಣ ಸಿರಸಿ, ಸಾಗರಗಳಲ್ಲಿ ಗುಡಿಗಾರರ ಮನೆಗಳಿವೆ. ಶ್ರೀಗಂಧದ ಗಟ್ಟಿಯಾದ ತಿರುಳಿನ ಮೇಲೆ ಕೂದಲೆಳೆಯಷ್ಟು ಸೂಕ್ಷ್ಮವಾದ ಬಳ್ಳಿಯನ್ನೂ ಹೂವನ್ನೂ ದೇವತೆಗಳನ್ನೂ ಕೊರೆಯುವ ಇವರೇ ಮದುವೆಯ ದಿನಗಳಲ್ಲಿ ಹಗುರವಾದ ಬೆಂಡಿನಿಂದ ಬಾಸಿಂಗಗಳನ್ನೂ ಮಾಡಿಕೊಡುತ್ತಾರೆ. ತಮ್ಮ ಪೂರ್ವಜರು ಗೋವೆಯಿಂದ ಬಂದವರೆಂಬ ಹೇಳಿಕೆ ಇವರಲ್ಲಿದೆ. ತಂದೆಯ ಪಕ್ಕದಲ್ಲಿ ಕುಳಿತು ಮಗ ಉಳಿಯನ್ನು ಹಿಡಿಯಲು ಕಲಿಯುವುದು, ತಾಯಿಯ ಮಗ್ಗುಲಲ್ಲಿ ಕುಳಿತು ಮಗಳು ಬಣ್ಣ ಕೂಡಿಸಲು ಕಲಿಯುವುದು, ಹೀಗೆ ಶಾಲೆಯಿಲ್ಲದೆ, ಪುಸ್ತಕವಿಲ್ಲದೆ ಒಂದು ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದಿದೆ.

ನಮ್ಮ ದೇಶದ ಪ್ರತಿಯೊಂದು ಪ್ರಾಂತದಲ್ಲಿಯೂ ಇಂಥ ಮನೆತನಗಳಿವೆ. ಅವರು ಮಾಡಿದ ವಸ್ತುಗಳನ್ನು ಮೆಚ್ಚಿದವರು ಅನೇಕರು. ಆದರೆ ಮಾಡಿದವರ ಮನೆಯಲ್ಲಿ ಅಂದಿನ ಒಲೆ ಉರಿಯಿತೇ ಎಂದು ವಿಚಾರಿಸಿದವರು ವಿರಳ. ಹಾಗೆ ವಿಚಾರಿಸುವುದನ್ನೇ ತಮ್ಮ ಜೀವನದ ವ್ರತವನ್ನಾಗಿ ಮಾಡಿಕೊಂಡ ಮಹನೀಯೆ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು. ಅವರು ಈ ಕರಾವಳಿಯ ಮಗಳೇ ಎಂಬುದು ನಮಗೆ ಅಭಿಮಾನದ ಸಂಗತಿ.

ಕಮಲಾದೇವಿಯವರು 1903ನೆಯ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ಅವರ ಮನೆತನ ಚಿತ್ರಾಪುರ ಸಾರಸ್ವತರದು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತ ಅಧಿಕಾರಿಗಳಾಗಿದ್ದರು. ಧಾರೇಶ್ವರವೆಂಬುದು ಅಂಕೋಲೆಯ ನೆರೆಯ ಕುಮಟಾ ತಾಲೂಕಿನ ಒಂದು ಊರಿನ ಹೆಸರು. ಚಿತ್ರಾಪುರ ಮಠವಿರುವ ಶಿರಾಲಿಯೂ ಇದೇ ಉತ್ತರ ಕನ್ನಡ ಜಿಲ್ಲೆಯಲ್ಲಿದೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯೆಲ್ಲ ಹಿಂದೆ ಒಂದೇ ಜಿಲ್ಲೆಯಾಗಿತ್ತು. 1862ರಲ್ಲಿ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿಹೋಯಿತು, ದಕ್ಷಿಣ ಭಾಗ ಮದರಾಸು ಪ್ರಾಂತದಲ್ಲಿಯೇ ಉಳಿಯಿತು. ಆಡಳಿತ ಬೇರೆಯಾದರೂ ಜನಜೀವನ ಒಂದೇ ಆಗಿ ಉಳಿಯಿತು.

ತಾಯಿ ಗಿರಿಜಾಬಾಯಿಯವರು ಓದುಬರಹ ಬಲ್ಲ, ಸ್ವತಂತ್ರವಾಗಿ ಯೋಚಿಸಬಲ್ಲ ಮಹಿಳೆ. ಅಜ್ಜಿಯು ಪುರಾಣೇತಿಹಾಸಗಳನ್ನು ಬಲ್ಲವರು. ಸೋದರಮಾವನ ಮನೆಗೆ ದೇಶದ ಹಿರಿಯ ನಾಯಕರೂ ಸಮಾಜ ಸುಧಾರಕರೂ ಬಂದುಹೋಗುತ್ತಿದ್ದರು. ಇಂಥ ವಾತಾವರಣದಲ್ಲಿ ಬೆಳೆಯುತ್ತಿದ್ದ ಬಾಲಕಿಯ ಬದುಕಿನಲ್ಲಿ ಏಳನೆಯ ವಯಸ್ಸಿಗೇ ದುಃಖದ ಕರಿನೆರಳು ಕವಿಯಿತು. ತಂದೆ ತೀರಿಕೊಂಡರು. ಅವರು ಮರಣಪತ್ರವನ್ನು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ತಂದೆಯ ಮೊದಲ ಹೆಂಡತಿಯ ಮಗನಿಗೆ ಸೇರಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಸ್ವಾಭಿಮಾನಿಯಾದ ಗಿರಿಜಾಬಾಯಿ ಅದನ್ನು ಮುಟ್ಟಲಿಲ್ಲ. ತವರಿನಿಂದ ತಂದಿದ್ದರಿಂದಲೇ ಮಕ್ಕಳನ್ನು ಬೆಳೆಸಿದರು. ಹೆಣ್ಣಿಗೆ ನೆಲೆಯಿಲ್ಲದಂತೆ ಮಾಡುವ ಕಟ್ಟಳೆಯ ಕಹಿಯನ್ನು ಕಮಲಾದೇವಿಯವರು ಹೀಗೆ ಎಳವೆಯಲ್ಲಿಯೇ ಉಂಡರು. ಅಕ್ಕ ಸಗುಣೆಯೂ ತೀರಿಕೊಂಡಳು.

1917ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಅವರ ವಿವಾಹವಾಯಿತು. ಎರಡೇ ವರ್ಷಗಳಲ್ಲಿ ಪತಿ ಕೃಷ್ಣರಾಯರು ನಿಧನ ಹೊಂದಿದರು. ಹದಿನಾರು ವರ್ಷದ ಹುಡುಗಿ ವಿಧವೆಯಾದಳು. ಅಂದಿನ ಸಮಾಜದಲ್ಲಿ ಅಂಥವರ ಮುಂದೆ ಇದ್ದದ್ದು ಒಳಕೋಣೆಯ ಕತ್ತಲೆ ಮಾತ್ರ. ಆದರೆ ತಾಯಿ ಮಗಳನ್ನು ಆ ಕತ್ತಲೆಗೆ ತಳ್ಳಲಿಲ್ಲ. ಕಮಲಾದೇವಿಯವರು ವಿದ್ಯಾಭ್ಯಾಸವನ್ನು ಮುಂದುವರಿಸಿ ಮದರಾಸಿನ ಕ್ವೀನ್ ಮೇರಿ ಕಾಲೇಜನ್ನು ಸೇರಿದರು. ಅಲ್ಲಿ ಸರೋಜಿನೀ ನಾಯಿಡು ಅವರ ತಂಗಿಯ ಸ್ನೇಹವಾಯಿತು. ಅದರ ಮೂಲಕ ಕವಿಯೂ ನಟರೂ ಆದ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಬಂಧುಬಳಗದ ವಿರೋಧವನ್ನು ಲೆಕ್ಕಿಸದೆ ಇಬ್ಬರೂ ವಿವಾಹವಾದರು. ವಿಧವೆಯ ಮರುಮದುವೆ, ಅದರಲ್ಲಿಯೂ ಬೇರೆ ಪ್ರಾಂತದವರೊಡನೆ! ಸಂಪ್ರದಾಯಸ್ಥರು ಬೆಚ್ಚಿದರು. ಹರೀಂದ್ರನಾಥರೊಡನೆ ಅವರು ಊರೂರು ತಿರುಗಿ ನಾಟಕಗಳನ್ನಾಡಿದರು. ಗೌರವಸ್ಥ ಮನೆತನದ ಹೆಣ್ಣುಮಕ್ಕಳು ರಂಗಭೂಮಿಯನ್ನು ಏರಲು ಹಿಂಜರಿಯುತ್ತಿದ್ದ ಕಾಲವದು. 1931ರಲ್ಲಿ ತೆರೆಕಂಡ ‘ಮೃಚ್ಛಕಟಿಕ’ ಎಂಬ ಮೂಕಚಿತ್ರದಲ್ಲಿಯೂ ಅವರು ಅಭಿನಯಿಸಿದರು. ಕೆಲವು ವರ್ಷಗಳ ಮೇಲೆ ಪತಿಪತ್ನಿಯರ ದಾರಿ ಬೇರೆಬೇರೆಯಾಯಿತು. ಆದರೆ ಕಲೆಯ ಮೇಲಣ ಅವರ ಪ್ರೀತಿ ಕೊನೆಯವರೆಗೂ ಬಾಡಲಿಲ್ಲ.

ಲಂಡನ್ನಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಸಿಸುತ್ತಿದ್ದ ಅವರನ್ನು ಗಾಂಧೀಜಿಯವರ ಚಳವಳಿ ತಾಯ್ನಾಡಿಗೆ ಸೆಳೆಯಿತು. ಅವರು ಸೇವಾದಳವನ್ನು ಸೇರಿ ಸ್ವಯಂಸೇವಿಕೆಯರನ್ನು ಸಂಘಟಿಸಿದರು. 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿದರು. ಮಹಿಳೆಯೊಬ್ಬಳು ಚುನಾವಣೆಗೆ ನಿಲ್ಲುವುದೇ ಅಂದು ಅದ್ಭುತವಾಗಿತ್ತು. ಅಲ್ಪ ಅಂತರದಿಂದ ಸೋತರೂ ಅವರ ಸಾಹಸ ಮುಂದಿನವರಿಗೆ ದಾರಿ ಮಾಡಿತು. 1927ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಹಿಳಾ ಪರಿಷತ್ತಿನ ಕಾರ್ಯದರ್ಶಿಗಳಾಗಿ ಅವರು ಬಾಲ್ಯವಿವಾಹದ ನಿಷೇಧಕ್ಕಾಗಿಯೂ ಸ್ತ್ರೀಶಿಕ್ಷಣಕ್ಕಾಗಿಯೂ ದುಡಿದರು. ತಾವು ಉಂಡ ಕಹಿಯನ್ನು ಇನ್ನೊಬ್ಬ ಹುಡುಗಿ ಉಣಬಾರದೆಂಬುದು ಅವರ ಹಂಬಲವಾಗಿತ್ತು.

1930ನೆಯ ವರ್ಷ ಬಂದಿತು. ಉಪ್ಪಿನ ಮೇಲಣ ಕರವನ್ನೂ ಸರಕಾರದ ಏಕಸ್ವಾಮ್ಯವನ್ನೂ ಮುರಿಯಲು ಗಾಂಧೀಜಿ ದಂಡಿಗೆ ಹೊರಟರು. ಮಹಿಳೆಯರಿಗೂ ಈ ಹೋರಾಟದಲ್ಲಿ ಅವಕಾಶವಿರಬೇಕೆಂದು ಕಮಲಾದೇವಿಯವರು ಅವರನ್ನು ಕಂಡು ಕೇಳಿಕೊಂಡು ಒಪ್ಪಿಗೆ ಪಡೆದರು. ಮುಂಬಯಿಯ ಕಡಲ ತೀರದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಮೊದಲ ತಂಡದಲ್ಲಿದ್ದ ಇಬ್ಬರು ಮಹಿಳೆಯರಲ್ಲಿ ಅವರೊಬ್ಬರು. ಇನ್ನೊಬ್ಬರು ಅವಂತಿಕಾಬಾಯಿ ಗೋಖಲೆಯವರು. ತಯಾರಾದ ಉಪ್ಪಿನ ಪೊಟ್ಟಣಗಳನ್ನು ಮುಂಬಯಿಯ ಷೇರು ಪೇಟೆಯ ಒಳಗೇ ಒಯ್ದು ಮಾರಿದರು. ಸರಕಾರ ಅವರನ್ನು ಸೆರೆಮನೆಗೆ ಕಳುಹಿಸಿತು.

ಅದೇ ಏಪ್ರಿಲ್ ತಿಂಗಳಲ್ಲಿ ಅಂಕೋಲೆಯ ಕಡಲ ತೀರದಲ್ಲಿಯೂ ಸಾವಿರಾರು ಜನ ಕೂಡಿದರು. ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ 13ನೆಯ ತಾರೀಖಿನಂದು ಅಲ್ಲಿ ಉಪ್ಪಿನ ಕಾನೂನನ್ನು ಮುರಿಯಲಾಯಿತು. ಕರ್ನಾಟಕದ ಉಪ್ಪಿನ ಸತ್ಯಾಗ್ರಹದಲ್ಲಿ ಅಂಕೋಲೆಗೆ ಅಗ್ರಸ್ಥಾನ ದೊರೆತದ್ದು ಹೀಗೆ. ಮುಂದೆ ನಡೆದ ಕರನಿರಾಕರಣೆಯ ಚಳವಳಿಯಲ್ಲಿ ಈ ತಾಲೂಕಿನ ರೈತರು ಮನೆಮಾರುಗಳನ್ನೂ ಭೂಮಿಕಾಣಿಗಳನ್ನೂ ಕಳೆದುಕೊಂಡರೂ ತಲೆಬಾಗಲಿಲ್ಲ. ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಎಂದು ಜನ ಕೊಂಡಾಡಿದರು.

ಉಪ್ಪಿನ ಈ ಕಥೆಯಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಕಡಲ ನೀರು ಯಾರ ಸೊತ್ತೂ ಅಲ್ಲ. ಅದರಿಂದ ಉಪ್ಪನ್ನು ತೆಗೆಯುವ ವಿದ್ಯೆ ಆಗೇರರಂಥ ಜನರಿಗೆ ಹಿರಿಯರಿಂದ ಬಂದ ಬಳುವಳಿ. ಪರಕೀಯ ಸರಕಾರ ಆ ವಿದ್ಯೆಗೆ ಬೀಗ ಹಾಕಿತು. ಸ್ವಂತ ಕೈಯ ಕೆಲಸವನ್ನೇ ಅಪರಾಧವೆಂದು ಸಾರಿತು. ನೂಲಿನ ವಿಷಯದಲ್ಲಿಯೂ ಹೀಗೆಯೇ ಆಯಿತು. ಯಂತ್ರದ ಅಗ್ಗದ ಬಟ್ಟೆ ಹಡಗುಗಳಲ್ಲಿ ಬಂದಿಳಿದಾಗ ಕೈಮಗ್ಗಗಳು ಒಂದೊಂದಾಗಿ ಮೌನ ತಾಳಿದವು. ಹಿಂದೆ ಬಟ್ಟೆಯನ್ನು ಹೊರಕ್ಕೆ ಕಳುಹಿಸಿದ ದೇಶ ಈಗ ಹೊರಗಿನ ಬಟ್ಟೆಯನ್ನು ಉಡತೊಡಗಿತು. ಗಾಂಧೀಜಿ ಚರಕವನ್ನು ಮತ್ತೆ ಜನರ ಕೈಗೆ ಕೊಟ್ಟದ್ದು ಈ ಕಾರಣದಿಂದಲೇ. ಕೈಯ ಕಸುಬಿಗೆ ಮಾನ ದೊರೆಯದೆ ದೇಶದ ಸ್ವಾತಂತ್ರ್ಯ ಪೂರ್ಣವಾಗದು ಎಂಬ ಪಾಠವನ್ನು ಕಮಲಾದೇವಿಯವರು ಉಪ್ಪಿನಿಂದಲೂ ನೂಲಿನಿಂದಲೂ ಕಲಿತರು.

ಮುಂದಿನ ಹದಿನೈದು ವರ್ಷಗಳಲ್ಲಿ ಅವರು ಹಲವು ಬಾರಿ ಸೆರೆಮನೆಯನ್ನು ಕಂಡರು. ಸಮಾಜವಾದಿ ಪಕ್ಷದ ನಾಯಕಿಯಾಗಿ ದುಡಿದರು. ಅಮೆರಿಕ, ಚೀನ, ಜಪಾನ್ ಮೊದಲಾದ ದೇಶಗಳಲ್ಲಿ ಸಂಚರಿಸಿ ಭಾರತದ ಸ್ವಾತಂತ್ರ್ಯದ ಪರವಾಗಿ ಮಾತನಾಡಿದರು. 1947ರಲ್ಲಿ ದೇಶ ಸ್ವತಂತ್ರವಾಯಿತು. ಅವರ ಜೊತೆಗೆ ಹೋರಾಡಿದ ಅನೇಕರು ಮಂತ್ರಿಗಳಾದರು, ರಾಯಭಾರಿಗಳಾದರು. ಕಮಲಾದೇವಿಯವರು ಅಧಿಕಾರದ ದಾರಿಯನ್ನು ಹಿಡಿಯಲಿಲ್ಲ.

ದೇಶ ವಿಭಜನೆಯಾಗಿ ಲಕ್ಷಾಂತರ ಜನ ಮನೆಮಠಗಳನ್ನು ತೊರೆದು ದೆಹಲಿಯ ಸುತ್ತಮುತ್ತ ಗುಡಾರಗಳಲ್ಲಿ ದಿನ ಕಳೆಯುತ್ತಿದ್ದರು. ಅವರಿಗೆ ದಾನಕ್ಕಿಂತ ದುಡಿಮೆ ಮುಖ್ಯವೆಂದು ಕಮಲಾದೇವಿಯವರು ಮನಗಂಡರು. ಭಾರತೀಯ ಸಹಕಾರ ಸಂಘವೆಂಬ ಸಂಸ್ಥೆಯನ್ನು ಸ್ಥಾಪಿಸಿ, ನಿರಾಶ್ರಿತರೇ ಕೂಡಿ ತಮ್ಮ ಬದುಕನ್ನು ಕಟ್ಟಿಕೊಳ್ಳುವ ವ್ಯವಸ್ಥೆ ಮಾಡಿದರು. ವಾಯವ್ಯ ಗಡಿನಾಡಿನಿಂದ ಬಂದ ಐವತ್ತು ಸಾವಿರ ಜನರಿಗೆ ನೆಲೆಯಾದ ಫರೀದಾಬಾದ್ ನಗರದ ನಿರ್ಮಾಣದಲ್ಲಿ ಈ ಸಂಸ್ಥೆಯ ಪಾತ್ರ ದೊಡ್ಡದು. ಎಲ್ಲವನ್ನೂ ಕಳೆದುಕೊಂಡು ಬಂದ ಆ ಜನರ ನಡುವೆ ಮರಗೆಲಸ ಬಲ್ಲವರಿದ್ದರು, ನೇಯ್ಗೆ ಬಲ್ಲವರಿದ್ದರು, ಕಸೂತಿ ಬಲ್ಲ ಹೆಂಗಸರಿದ್ದರು. ಮನೆ ಹೋಗಿತ್ತು, ಹೊಲ ಹೋಗಿತ್ತು. ಕೈಯಲ್ಲಿದ್ದ ವಿದ್ಯೆ ಮಾತ್ರ ಹೋಗಿರಲಿಲ್ಲ. ಅದೇ ಅವರನ್ನು ಮತ್ತೆ ಕಾಲ ಮೇಲೆ ನಿಲ್ಲಿಸಿತು. ಕಮಲಾದೇವಿಯವರ ಮುಂದಿನ ಕಾರ್ಯಕ್ಕೆ ಈ ಅನುಭವ ಬುನಾದಿಯಾಯಿತು.

1952ರಲ್ಲಿ ಭಾರತ ಸರಕಾರ ಅಖಿಲ ಭಾರತ ಕರಕುಶಲ ಮಂಡಳಿಯನ್ನು ರಚಿಸಿ ಅದರ ಅಧ್ಯಕ್ಷತೆಯನ್ನು ಕಮಲಾದೇವಿಯವರಿಗೆ ವಹಿಸಿತು. ಅಂದಿನ ಕುಶಲಕರ್ಮಿಗಳ ಸ್ಥಿತಿ ಕರುಣಾಜನಕವಾಗಿತ್ತು. ಅವರಿಗೆ ಆಶ್ರಯ ನೀಡುತ್ತಿದ್ದ ಅರಮನೆಗಳ ಕಾಲ ಮುಗಿದಿತ್ತು. ಕಾರ್ಖಾನೆಯ ಸರಕು ಹಳ್ಳಿಯ ಸಂತೆಯನ್ನೂ ಹೊಕ್ಕಿತ್ತು. ಕಚ್ಚಾಸಾಮಗ್ರಿಯನ್ನು ಕೊಳ್ಳಲು ಕಸಬುದಾರನ ಕೈಯಲ್ಲಿ ಹಣವಿರಲಿಲ್ಲ. ದಲ್ಲಾಳಿಯಿಂದ ಮುಂಗಡ ಪಡೆದರೆ ಅವನು ಹೇಳಿದ ಬೆಲೆಗೇ ಮಾಲನ್ನು ಒಪ್ಪಿಸಬೇಕಾಗಿತ್ತು. ನಮ್ಮ ಗುಡಿಗಾರರನ್ನೇ ನೋಡಬಹುದು. ಶ್ರೀಗಂಧದ ಮರ ದೀರ್ಘಕಾಲ ಸರಕಾರದ ಸೊತ್ತಾಗಿತ್ತು. ಕೈಯಲ್ಲಿ ಅದ್ಭುತವಾದ ಕೌಶಲವಿದ್ದರೂ ಅದನ್ನು ತೋರಲು ತುಂಡು ಗಂಧಕ್ಕಾಗಿ ಅವರು ಕಾದು ನಿಲ್ಲಬೇಕಾಗುತ್ತಿತ್ತು. ಇಂಥ ಬಾಳನ್ನು ಕಂಡ ಮಕ್ಕಳು ತಂದೆಯ ಉಳಿಯನ್ನು ಕೆಳಗಿಟ್ಟು ಕೂಲಿಗೂ ಪೇಟೆಗೂ ಹೊರಟರೆ ಆಶ್ಚರ್ಯವೇನು? ಒಬ್ಬ ಮಗ ಉಳಿಯನ್ನು ಕೆಳಗಿಟ್ಟನೆಂದರೆ ಹತ್ತು ತಲೆಮಾರುಗಳ ವಿದ್ಯೆ ಅಲ್ಲಿಗೆ ಮುಗಿಯಿತು. ಪುಸ್ತಕದಲ್ಲಿ ಬರೆದಿಡದ ವಿದ್ಯೆಯನ್ನು ಮತ್ತೆ ಹುಡುಕಿ ತರುವುದು ಸುಲಭವಲ್ಲ.

ಆದುದರಿಂದ ಕಮಲಾದೇವಿಯವರು ದೆಹಲಿಯ ಕಚೇರಿಯಲ್ಲಿ ಕುಳಿತು ಈ ಕಾರ್ಯವನ್ನು ನಡೆಸಲಿಲ್ಲ. ರೈಲಿನಲ್ಲಿ, ಬಸ್ಸಿನಲ್ಲಿ, ದಾರಿಯಿಲ್ಲದ ಕಡೆ ನಡೆದು, ದೇಶದ ಮೂಲೆಮೂಲೆಗಳನ್ನು ಸುತ್ತಿದರು. ಕುಂಬಾರನ ತಿಗರಿಯ ಪಕ್ಕದಲ್ಲಿ, ಮೇದರ ಅಂಗಳದಲ್ಲಿ, ನೇಕಾರನ ಮಗ್ಗದ ಬಳಿಯಲ್ಲಿ ಕುಳಿತು ಅವರ ಕಷ್ಟಸುಖಗಳನ್ನು ಕೇಳಿದರು. ನಶಿಸುತ್ತಿರುವ ಒಂದು ಕಲೆಯನ್ನು ಬಲ್ಲ ಹಿರಿಯರು ಎಲ್ಲಿ ಉಳಿದಿದ್ದಾರೆಂದು ಹುಡುಕಿಸಿ, ಅವರ ಬಳಿ ಕಿರಿಯರು ಕಲಿಯುವಂತೆ ಏರ್ಪಾಡು ಮಾಡಿದರು.

ಇದಕ್ಕೆ ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿ ಕಲೆ ಒಳ್ಳೆಯ ನಿದರ್ಶನ. ಬಿದಿರಿನ ಲೇಖನಿಯಿಂದ ಬಟ್ಟೆಯ ಮೇಲೆ ಪುರಾಣದ ಕಥೆಗಳನ್ನು ಚಿತ್ರಿಸುವ ಕಲೆಯದು. ಮೊದಲು ಬಟ್ಟೆಯನ್ನು ಅಳಲೆಕಾಯಿಯ ರಸ ಬೆರೆಸಿದ ಹಾಲಿನಲ್ಲಿ ನೆನೆಯಿಸಿ ಒಣಗಿಸುತ್ತಾರೆ. ಹಳೆಯ ಕಬ್ಬಿಣದ ಚೂರುಗಳನ್ನೂ ಬೆಲ್ಲವನ್ನೂ ನೀರಿನಲ್ಲಿ ಕೊಳೆಯಿಸಿ ಕಪ್ಪು ಬಣ್ಣವನ್ನು ತಯಾರಿಸಿ ಗೆರೆ ಎಳೆಯುತ್ತಾರೆ. ಸ್ಫಟಿಕದ ನೀರನ್ನು ಬಳಿದು, ಬೇರು ತೊಗಟೆಗಳೊಡನೆ ಕುದಿಸಿ ಕೆಂಪನ್ನು ಬರಿಸುತ್ತಾರೆ. ಪ್ರತಿ ಹಂತದಲ್ಲಿಯೂ ಹರಿಯುವ ನದಿಯಲ್ಲಿ ತೊಳೆಯಬೇಕು. ಇಷ್ಟು ದೀರ್ಘವಾದ ಕೆಲಸಕ್ಕೆ ತಕ್ಕ ಬೆಲೆ ದೊರೆಯದೆ ಕಲೆ ಕೊನೆಯುಸಿರು ಎಳೆಯುತ್ತಿತ್ತು. 1950ರ ದಶಕದಲ್ಲಿ ಕಮಲಾದೇವಿಯವರ ಪ್ರೋತ್ಸಾಹದಿಂದ ಅಲ್ಲಿ ತರಬೇತಿ ಕೇಂದ್ರ ಪ್ರಾರಂಭವಾಯಿತು. ಉಳಿದಿದ್ದ ಕೆಲವೇ ಹಿರಿಯರ ಕೈಯಿಂದ ವಿದ್ಯೆ ಹೊಸ ತಲೆಮಾರಿನ ಕೈಗೆ ದಾಟಿತು. ಇಂದು ಕಲಂಕಾರಿಯ ಹೆಸರನ್ನು ಕೇಳದವರಿಲ್ಲ.

ಕಲಿಸಿದರೆ ಸಾಲದು, ಮಾಡಿದ್ದು ಮಾರಾಟವಾಗಬೇಕು ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ದೆಹಲಿಯ ಕೇಂದ್ರ ಗೃಹಕೈಗಾರಿಕೆಗಳ ಮಳಿಗೆಯ ಆಡಳಿತವನ್ನು 1952ರಲ್ಲಿ ಅವರ ಸಹಕಾರ ಸಂಘ ವಹಿಸಿಕೊಂಡಿತು. ಹಳ್ಳಿಯ ಕಸಬುದಾರನ ಕೆಲಸಕ್ಕೆ ನಗರದ ನಡುವೆ ಗೌರವದ ಸ್ಥಾನ ದೊರೆಯಿತು. ದಲ್ಲಾಳಿಯ ಹಂಗಿಲ್ಲದೆ ಬೆಲೆಯೂ ದೊರೆಯತೊಡಗಿತು. ಹಳೆಯ ಕೌಶಲವನ್ನು ಹೊಸ ಕಾಲದ ಮನೆಗಳಿಗೆ ಒಗ್ಗಿಸಿಕೊಳ್ಳಲು ನೆರವಾಗುವಂತೆ ಬೆಂಗಳೂರು, ಮುಂಬಯಿ, ಕಲ್ಕತ್ತ, ದೆಹಲಿಗಳಲ್ಲಿ ವಿನ್ಯಾಸ ಕೇಂದ್ರಗಳು ಸ್ಥಾಪಿತವಾದವು. ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ನೀಡುವ ಪದ್ಧತಿ 1965ರಲ್ಲಿ ಆರಂಭವಾಯಿತು. ಶತಮಾನಗಳಿಂದ ಹೆಸರಿಲ್ಲದೆ ದುಡಿದವರ ಸಂತತಿಯವರು ರಾಷ್ಟ್ರದ ರಾಜಧಾನಿಯಲ್ಲಿ ತಮ್ಮ ಹೆಸರು ಹಿಡಿದು ಕರೆಯುವುದನ್ನು ಕೇಳಿದರು. ಹಣಕ್ಕಿಂತಲೂ ಈ ಮನ್ನಣೆ ಅವರಿಗೆ ಹೆಚ್ಚಿನದಾಗಿ ತೋರಿದ್ದರೆ ಅದು ಸಹಜವೇ.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಬಾಲ್ಯವಿವಾಹ, ವೈಧವ್ಯ, ಜಾತಿಯ ಕಟ್ಟು ಮೊದಲಾದ ಹಳೆಯ ಸಂಪ್ರದಾಯಗಳನ್ನೆಲ್ಲ ಮುರಿದು ಹೊರಬಂದ ಮಹಿಳೆ ಹಳೆಯ ಕುಲಕಸುಬುಗಳನ್ನು ಉಳಿಸಲು ಇಷ್ಟೊಂದು ಶ್ರಮಪಟ್ಟದ್ದು ಹೇಗೆ? ಕಸುಬು ಹುಟ್ಟಿನಿಂದ ಬರುವುದೂ ಒಂದು ಬಂಧನವೇ ಅಲ್ಲವೆ? ಕುಂಬಾರನ ಮಗ ಕುಂಬಾರನೇ ಆಗಬೇಕು, ಅವನು ಬಡವನಾಗಿಯೇ ಉಳಿಯಬೇಕು ಎನ್ನುವುದು ನ್ಯಾಯವೆ?

ಕಮಲಾದೇವಿಯವರ ಕಾರ್ಯವನ್ನು ಕೂಲಂಕಷವಾಗಿ ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ಹಿರಿಯರಿಂದ ಬಂದದ್ದರಲ್ಲಿ ಅವರು ಎರಡನ್ನು ಬೇರೆ ಮಾಡಿ ನೋಡಿದರು. ಮನುಷ್ಯನ ಮಾನವನ್ನು ಕುಗ್ಗಿಸುವ ಕಟ್ಟಳೆ ಒಂದು. ಮನುಷ್ಯನ ಕೈಗೆ ಬಲವನ್ನು ಕೊಡುವ ವಿದ್ಯೆ ಇನ್ನೊಂದು. ಮೊದಲನೆಯದನ್ನು ಅವರು ತಮ್ಮ ಬದುಕಿನಿಂದಲೇ ಕಿತ್ತೆಸೆದರು. ಎರಡನೆಯದನ್ನು ಕಣ್ಣರೆಪ್ಪೆಯಂತೆ ಕಾಯ್ದರು. ಬೀದರಿನ ಕುಶಲಕರ್ಮಿ ಸತುವಿನ ಪಾತ್ರೆಯಲ್ಲಿ ಬೆಳ್ಳಿಯ ಎಳೆಗಳನ್ನು ಕೂರಿಸಿ ಕೋಟೆಯ ಮಣ್ಣಿನಿಂದ ಅದಕ್ಕೆ ಕಡುಗಪ್ಪನ್ನು ತರುತ್ತಾನೆ. ಚನ್ನಪಟ್ಟಣದವನು ಆಲೆಮರದ ತುಂಡನ್ನು ಕಡೆದು ಅರಗಿನ ಬಣ್ಣದಿಂದ ಮಿರುಗುವ ಬೊಂಬೆಯನ್ನು ಮಾಡುತ್ತಾನೆ. ಈ ವಿದ್ಯೆಗಳು ಕೆಲವರ ಮನೆಯಲ್ಲಿ ಉಳಿದುಬಂದಿದ್ದರೂ ಇಡೀ ನಾಡಿನ ಸಂಪತ್ತು. ಆದ್ದರಿಂದಲೇ ತರಬೇತಿ ಕೇಂದ್ರಗಳು ಬೇಕಾದವು. ಸಹಕಾರ ಸಂಘಗಳು ಬೇಕಾದವು. ತಂದೆಯ ಕಸುಬನ್ನು ಮಗ ಬೇರೆ ಗತಿಯಿಲ್ಲದೆ ಹಿಡಿಯುವುದು ಬೇರೆ, ಅದರಲ್ಲಿ ಅನ್ನವೂ ಗೌರವವೂ ಇದೆಯೆಂದು ಮನಸಾರೆ ಹಿಡಿಯುವುದು ಬೇರೆ. ಎರಡನೆಯದು ಸಾಧ್ಯವಾಗುವಂತೆ ಮಾಡುವುದೇ ಅವರ ಗುರಿಯಾಗಿತ್ತು.

ಅವರ ದೃಷ್ಟಿ ದೇಶದ ಗಡಿಯಲ್ಲಿ ನಿಲ್ಲಲಿಲ್ಲ. 1964ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಪರಿಷತ್ತು ಸ್ಥಾಪಿತವಾದಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರಾಗಿದ್ದರು. ಭಾರತದಲ್ಲಿಯೂ ಕರಕುಶಲ ಪರಿಷತ್ತನ್ನು ಹುಟ್ಟುಹಾಕಿದರು. ನಾಟಕ, ನೃತ್ಯ, ಬೊಂಬೆಯಾಟಗಳ ಪುನರುಜ್ಜೀವನಕ್ಕಾಗಿಯೂ ದುಡಿದು, ಸಂಗೀತ ನಾಟಕ ಅಕಾಡೆಮಿಯ ಹಿರಿಯ ಸ್ಥಾನವನ್ನು ಅಲಂಕರಿಸಿದರು. ಭಾರತದ ಕರಕುಶಲ ಕಲೆಗಳನ್ನೂ ಕಸೂತಿಯನ್ನೂ ಕುರಿತು ಗ್ರಂಥಗಳನ್ನು ರಚಿಸಿದರು. ತಮ್ಮ ಬಾಳಿನ ಕಥೆಯನ್ನು 1986ರಲ್ಲಿ ಪ್ರಕಟಿಸಿದರು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು.

ಕಮಲಾದೇವಿಯವರ ವೇಷಭೂಷಣವೇ ಅವರ ತತ್ತ್ವವನ್ನು ಸಾರುತ್ತಿತ್ತು. ಕೈಮಗ್ಗದ ಸೀರೆ, ಹಳ್ಳಿಯ ಅಕ್ಕಸಾಲಿಗನ ಕೈಯ ಒಡವೆ, ಮುಡಿಯಲ್ಲಿ ಹೂವು. ಯಾವ ದೇಶಕ್ಕೆ ಹೋದರೂ ಅವರು ಹೀಗೆಯೇ ಇರುತ್ತಿದ್ದರು. ಸುಂದರವಾದ ವಸ್ತು ಗಾಜಿನ ಕಪಾಟಿನಲ್ಲಿಡುವುದಕ್ಕೆ ಮಾತ್ರವಲ್ಲ. ದಿನನಿತ್ಯದ ಬಳಕೆಯಲ್ಲಿ ಇದ್ದಾಗಲೇ ಅದಕ್ಕೆ ಜೀವ ಎಂದು ಅವರು ನಂಬಿದ್ದರು. ನೀರು ತುಂಬುವ ಕೊಡ, ಅಕ್ಕಿ ಕೇರುವ ಮೊರ, ಮಲಗುವ ಚಾಪೆ ಇವುಗಳಲ್ಲಿಯೂ ಒಂದು ಚೆಲುವನ್ನು ತಂದ ನಮ್ಮ ಪೂರ್ವಿಕರ ಬದುಕನ್ನು ಅವರು ಆದರದಿಂದ ಕಂಡರು.

1988ನೆಯ ಅಕ್ಟೋಬರ್ 29ರಂದು, ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ, ಅವರು ಮುಂಬಯಿಯಲ್ಲಿ ನಿಧನ ಹೊಂದಿದರು. ಅವರು ಕಟ್ಟಿದ್ದೆಲ್ಲವೂ ಹಾಗೆಯೇ ಉಳಿದಿಲ್ಲ. ಅವರು ಮೊದಲ ಅಧ್ಯಕ್ಷರಾಗಿದ್ದ ಕರಕುಶಲ ಮಂಡಳಿಯನ್ನು ಸರಕಾರ 2020ರಲ್ಲಿ ವಿಸರ್ಜಿಸಿತು. ಪ್ಲಾಸ್ಟಿಕ್ಕಿನ ಕೊಡ ಮಣ್ಣಿನ ಕೊಡದ ಜಾಗವನ್ನು ಆಕ್ರಮಿಸಿದೆ. ವಿದ್ಯುತ್ ಮಗ್ಗದ ಬಟ್ಟೆ ಕೈಮಗ್ಗದ ಹೆಸರಿನಲ್ಲಿ ಮಾರಾಟವಾಗುವುದೂ ಉಂಟು. ಕುಲಕಸುಬನ್ನು ಬಿಟ್ಟು ದೂರದ ನಗರಗಳಿಗೆ ಹೋದ ಮನೆತನಗಳು ಅನೇಕ. ಆದರೂ ದೇಶದಲ್ಲಿ ಎಷ್ಟೋ ಕಲೆಗಳು ಇಂದಿಗೂ ಉಸಿರಾಡುತ್ತಿವೆಯೆಂದರೆ, ಅವುಗಳನ್ನು ಬಲ್ಲ ಕೈಗಳಿಗೆ ಇಂದಿಗೂ ಕೆಲಸವಿದೆಯೆಂದರೆ, ಅದರ ಹಿಂದೆ ಈ ಕರಾವಳಿಯ ಮಗಳ ಅರ್ಧ ಶತಮಾನದ ಶ್ರಮವಿದೆ.

ಕಾರವಾರದ ರೇವಿನಿಂದ ಹೊರಟ ಮಸ್ಲಿನ್ ಬಟ್ಟೆಯನ್ನು ನೆಯ್ದವರ ಹೆಸರುಗಳು ನಮಗೆ ತಿಳಿಯಲಿಲ್ಲ. ಅದು ಆಗಿಹೋದ ಮಾತು. ಆದರೆ ನಮ್ಮ ಊರಿನ ಸಂತೆಯಲ್ಲಿ ಬುಟ್ಟಿಯನ್ನಿಟ್ಟುಕೊಂಡು ಕುಳಿತ ಮುದುಕಿಯ ಹೆಸರನ್ನು ನಾವು ಕೇಳಬಹುದು. ಅವಳು ಅದನ್ನು ಯಾರಿಂದ ಕಲಿತಳು, ಬಿದಿರನ್ನು ಎಲ್ಲಿಂದ ತಂದಳು, ಒಂದು ಬುಟ್ಟಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ವಿಚಾರಿಸಬಹುದು. ಕೇಳಿದ ಮೇಲೆ ಬೆಲೆಯನ್ನು ಇಳಿಸಲು ಚೌಕಾಶಿ ಮಾಡುವ ಮನಸ್ಸು ನಮಗೆ ಬಾರದು. ಕಮಲಾದೇವಿಯವರು ತಮ್ಮ ಜೀವಮಾನದಲ್ಲಿ ಮಾಡಿದ ದೊಡ್ಡ ಕಾರ್ಯವೂ ಇಂಥದೇ ಒಂದು ವಿಚಾರಣೆಯಿಂದ ಆರಂಭವಾಯಿತು. ಅದನ್ನು ಮುಂದುವರಿಸುವುದು ನಮ್ಮ ಕೈಯಲ್ಲಿದೆ.

ಅಭ್ಯಾಸ

ಅ. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ:
1. ಕಾರವಾರದ ರೇವಿನಿಂದ ಹಿಂದೆ ಯಾವ ಯಾವ ಸರಕುಗಳು ಹೊರದೇಶಗಳಿಗೆ ಹೋಗುತ್ತಿದ್ದವು?
2. ಗಿರಿಜಾಬಾಯಿಯವರು ಜೀವನಾಂಶವನ್ನು ಏಕೆ ಮುಟ್ಟಲಿಲ್ಲ?
3. ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಎಂದು ಜನ ಏಕೆ ಕೊಂಡಾಡಿದರು?

ಆ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ:
1. ಕರಕುಶಲ ಮಂಡಳಿ ರಚಿತವಾದಾಗ ಕುಶಲಕರ್ಮಿಗಳ ಸ್ಥಿತಿ ಹೇಗಿತ್ತು? ಅದನ್ನು ಸುಧಾರಿಸಲು ಕಮಲಾದೇವಿಯವರು ಕೈಗೊಂಡ ಕ್ರಮಗಳಾವುವು?
2. ಹಳೆಯ ಸಂಪ್ರದಾಯಗಳನ್ನು ಮುರಿದ ಕಮಲಾದೇವಿಯವರು ಹಳೆಯ ಕಸುಬುಗಳನ್ನು ಉಳಿಸಲು ಶ್ರಮಿಸಿದ್ದೇಕೆ? ವಿವರಿಸಿರಿ.

ಇ. ನಿಮ್ಮ ಊರಿನಲ್ಲಿ ಕೈಕಸುಬನ್ನು ನಡೆಸುವ ಒಬ್ಬರನ್ನು ಕಂಡು ಮಾತನಾಡಿಸಿ, ಅವರು ಕೆಲಸ ಮಾಡುವ ವಿಧಾನವನ್ನು ಒಂದು ಪುಟದಲ್ಲಿ ಬರೆಯಿರಿ.